ಇಂಗ್ಲಿಷ್ ವ್ಯಾಕರಣಕ್ಕೆ ಲ್ಯಾಟಿನ್ ಅಂಗಿ

2016ರ ಮೇ ತಿಂಗಳು. ಇಂಗ್ಲೆಂಡಿನ ಶಾಲಾ ಶಿಕ್ಷಣ ಸಚಿವ ನಿಕ್ ಗಿಬ್ ಬಿಬಿಸಿ ರೇಡಿಯೊದ ಮಧ್ಯಾಹ್ನದ ಸುದ್ದಿ ಕಾರ್ಯಕ್ರಮಕ್ಕೆ ಬಂದಿದ್ದರು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಇಡುತ್ತಿದ್ದ ಪರೀಕ್ಷೆಗಳ ವಿರುದ್ಧ ಪೋಷಕರು ಸಿಟ್ಟಾಗಿದ್ದ ಕಾಲ ಅದು. ಪರೀಕ್ಷೆ ಬೇಕು ಎಂದು ವಾದಿಸುವುದು ಸಚಿವರ ಪಾಲಿನ ಕೆಲಸ. ಕಾರ್ಯಕ್ರಮ ನಡೆಸುತ್ತಿದ್ದ ಮಾರ್ಥಾ ಕೀರ್ನಿ ಒಂದು ವಾಕ್ಯ ಓದಿದರು. ಊಟ ಮಾಡಿದ ಮೇಲೆ ಸಿನಿಮಾಕ್ಕೆ ಹೋದೆ ಎನ್ನುವಂಥ ಸಾದಾ ವಾಕ್ಯ. ಅದರಲ್ಲಿ ಬರುವ 'ಆಫ್ಟರ್' ಪದ ಪ್ರಿಪೊಸಿಷನ್ನೋ, ಸಬಾರ್ಡಿನೇಟಿಂಗ್ ಕಂಜಂಕ್ಷನ್ನೋ? ಸಚಿವರು ಪ್ರಿಪೊಸಿಷನ್ ಎಂದರು. ಸರ್ಕಾರದ ಪಠ್ಯಕ್ರಮದ ಪ್ರಕಾರ ಅದು ತಪ್ಪು. ಹತ್ತು-ಹನ್ನೊಂದು ವರ್ಷದ ಮಕ್ಕಳಿಗೆ ಕೇಳುವ ಪ್ರಶ್ನೆಯಲ್ಲಿ ಸಚಿವರೇ ಫೇಲಾದರು ಎಂದು ಪತ್ರಿಕೆಗಳು ಸುದ್ದಿ ಮಾಡಿದವು.

ನಗುವವರು ಸ್ವಲ್ಪ ತಾಳಬೇಕಿತ್ತು. ಹಡಲ್‌ಸ್ಟನ್ ಮತ್ತು ಪುಲಮ್ 2002ರಲ್ಲಿ ಹೊರತಂದ ಕೇಂಬ್ರಿಡ್ಜ್ ವ್ಯಾಕರಣ ಈಗ ಇಂಗ್ಲಿಷಿಗಿರುವ ಅತಿ ದೊಡ್ಡ ವ್ಯಾಕರಣ ಗ್ರಂಥಗಳಲ್ಲಿ ಒಂದು. ಅದರ ಪ್ರಕಾರ ಸಚಿವರ ಉತ್ತರವೇ ಸರಿ! 'ಆಫ್ಟರ್ ಡಿನ್ನರ್' ಎಂದಾಗಲೂ 'ಆಫ್ಟರ್ ಐ ಏಟ್' ಎಂದಾಗಲೂ 'ಆಫ್ಟರ್' ಒಂದೇ ಪದ, ಒಂದೇ ಜಾತಿ. ಅದರ ನಂತರ ಬರುವುದು ಮಾತ್ರ ಬೇರೆ. 'ಐ ನೋ ಹಿಮ್' ಎಂದರೂ 'ಐ ನೋ ಹಿ ಕೇಮ್' ಎಂದರೂ 'ನೋ' ಕ್ರಿಯಾಪದವೇ ತಾನೆ, ಮುಂದೆ ಹೆಸರು ಬಂತು, ಇಡೀ ವಾಕ್ಯ ಬಂತು ಎಂದು ಅದರ ಜಾತಿ ಬದಲಿಸುತ್ತೀರಾ ಎಂಬುದು ಈ ಪಂಡಿತರ ವಾದ. ಡೆನ್ಮಾರ್ಕಿನ ಒಟ್ಟೊ ಯೆಸ್ಪರ್ಸನ್ ಇದೇ ಮಾತನ್ನು 1924ರಲ್ಲೇ ಹೇಳಿದ್ದರು. ಕನ್ನಡಿಗರಿಗಂತೂ ಇದು ವಾದವೇ ಬೇಡದ ವಿಷಯ. 'ಊಟದ ಮೇಲೆ' ಅನ್ನುತ್ತೇವೆ, 'ಊಟ ಮಾಡಿದ ಮೇಲೆ' ಅನ್ನುತ್ತೇವೆ. ಎರಡು ಕಡೆಯೂ ಇರುವುದು ಅದೇ 'ಮೇಲೆ'. ಅದನ್ನು ಎರಡು ಪೆಟ್ಟಿಗೆಗೆ ಹಾಕಬೇಕೆಂದು ನಮ್ಮ ಯಾವ ಮೇಷ್ಟ್ರೂ ಕೇಳಿಲ್ಲ.

ಹಾಗಾದರೆ ಆ ಎರಡು ಪೆಟ್ಟಿಗೆ ಬಂದದ್ದು ಎಲ್ಲಿಂದ? ಇಂಗ್ಲಿಷ್ ಕಲಿಯುವವರು ಬಾಯಿಪಾಠ ಮಾಡುವ ವ್ಯಾಕರಣದ ಹೆಸರುಗಳು, ಕಾವ್ಯದ ಹೆಸರುಗಳು ಬಹುಪಾಲು ಇಂಗ್ಲಿಷಿನವಲ್ಲ. ಗ್ರೀಕರು ಗ್ರೀಕಿಗೆ ಹೊಲಿದು, ರೋಮಿನವರು ಲ್ಯಾಟಿನ್ನಿಗೆ ತಿದ್ದಿಸಿಕೊಂಡು, ಕೊನೆಗೆ ಇಂಗ್ಲಿಷಿಗೆ ತೊಡಿಸಿದ ಅಂಗಿ ಅದು. ಪರೀಕ್ಷೆಯಲ್ಲಿ ಮಕ್ಕಳು ಎಡವುವ ಜಾಗಗಳು ಸಾಮಾನ್ಯವಾಗಿ ಆ ಅಂಗಿ ಸರಿಹೊಂದದ ಜಾಗಗಳೇ.

ಇಂಗ್ಲೆಂಡಿನ ಈಗಿನ ಪರೀಕ್ಷೆಯನ್ನೇ ನೋಡಿ. ಕಾಗುಣಿತ, ಲೇಖನಚಿಹ್ನೆ, ವ್ಯಾಕರಣ ಮೂರನ್ನೂ ಸೇರಿಸಿದ ಪ್ರತ್ಯೇಕ ಪ್ರಶ್ನೆಪತ್ರಿಕೆ 2013ರಲ್ಲಿ ಶುರುವಾಯಿತು. 2014ರ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಯಾವ ತರಗತಿಯ ಮಗುವಿಗೆ ಯಾವ ಪಾರಿಭಾಷಿಕ ಪದ ಗೊತ್ತಿರಬೇಕೆಂಬ ಪಟ್ಟಿಯೇ ಇದೆ. ಎರಡನೇ ವರ್ಷಕ್ಕೆ ನೌನ್, ವರ್ಬ್, ಅಡ್ಜೆಕ್ಟಿವ್, ಟೆನ್ಸ್. ನಾಲ್ಕಕ್ಕೆ ಡಿಟರ್ಮಿನರ್, ಅಡ್ವರ್ಬಿಯಲ್. ಐದಕ್ಕೆ ಮೋಡಲ್ ವರ್ಬ್, ರಿಲೇಟಿವ್ ಕ್ಲಾಜ್. ಸಬ್ಜೆಕ್ಟ್, ಆಬ್ಜೆಕ್ಟ್ ಬರುವುದು ಆರನೇ ವರ್ಷಕ್ಕೆ. ಕರ್ತೃ ಯಾರು, ಕರ್ಮ ಯಾವುದು ಎಂದು ತಿಳಿಯುವ ಮುಂಚೆಯೇ ಮಗು ಮೋಡಲ್ ವರ್ಬ್ ತಿಳಿದಿರಬೇಕು ಎಂಬ ಈ ಕ್ರಮ ಯಾರ ತಲೆಗೆ ಹೊಳೆಯಿತೋ!

ಈ ಪಟ್ಟಿಯಲ್ಲಿ ಅತಿ ಹೆಚ್ಚು ಗೇಲಿಗೆ ಒಳಗಾದದ್ದು 'ಫ್ರಂಟೆಡ್ ಅಡ್ವರ್ಬಿಯಲ್'. ಎಲ್ಲಿ, ಯಾವಾಗ, ಹೇಗೆ ಎಂಬುದನ್ನು ಹೇಳುವ ಪದಗುಚ್ಛವನ್ನು ವಾಕ್ಯದ ಮೊದಲಿಗೆ ತಂದು, ಆಮೇಲೆ ಒಂದು ಅಲ್ಪವಿರಾಮ ಹಾಕಿದರೆ ಅದೇ ಫ್ರಂಟೆಡ್ ಅಡ್ವರ್ಬಿಯಲ್. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿ, ಅಡುಗೆಮನೆಯ ಮೇಜಿನ ಮೇಲೆ ಮಕ್ಕಳಿಗೆ ಪಾಠ ಹೇಳಿಕೊಡಬೇಕಾಗಿ ಬಂದ ಅಪ್ಪ-ಅಮ್ಮಂದಿರು ಈ ಹೆಸರನ್ನು ಮೊದಲ ಸಲ ಕೇಳಿ ಬೆಚ್ಚಿದರು. ಮಕ್ಕಳ ಸಾಹಿತಿ ಮೈಕೆಲ್ ರೋಸೆನ್ ಇಂಥ ಪರೀಕ್ಷೆಗಳ ವಿರುದ್ಧ ವರ್ಷಗಟ್ಟಲೆ ಬರೆದಿದ್ದಾರೆ. ನಮಗೆ ಇದು ಸೋಜಿಗ. 'ನಿನ್ನೆ ರಾತ್ರಿ ನಮ್ಮೂರಲ್ಲಿ ಜೋರಾಗಿ ಮಳೆ ಬಂತು' ಎಂಬ ವಾಕ್ಯದಲ್ಲಿ ಯಾವಾಗ, ಎಲ್ಲಿ, ಹೇಗೆ ಮೂರೂ ಮುಂದೆಯೇ ಬಂದು ಕೂತಿವೆ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಉಳಿದದ್ದೆಲ್ಲ ಅದಕ್ಕಿಂತ ಮುಂಚೆ ಬರಲೇಬೇಕು. ಇಂಗ್ಲಿಷ್ ಮಗು ಅಭ್ಯಾಸ ಮಾಡಿ ಕಲಿಯುವುದು ಕನ್ನಡದ ಮಗುವಿಗೆ ಹಾಲಿನೊಂದಿಗೇ ಬಂದಿರುತ್ತದೆ. ಅದು ಕಲಿಯಬೇಕಾದದ್ದು ಆ ಒಂದು ಅಲ್ಪವಿರಾಮವನ್ನು ಮಾತ್ರ.

ಇನ್ನೂ ತಮಾಷೆಯ ನಿಯಮ ಬಂದದ್ದು 2016ರಲ್ಲಿ. ಅಂಕ ಕೊಡುವಾಗ ಉದ್ಗಾರ ವಾಕ್ಯ ಎಂದು ಒಪ್ಪಿಕೊಳ್ಳಬೇಕಾದರೆ ಅದು 'ವಾಟ್' ಅಥವಾ 'ಹೌ' ಇಂದಲೇ ಶುರುವಾಗಬೇಕು ಎಂದು ಪರೀಕ್ಷಾ ಸಂಸ್ಥೆ ಸ್ಪಷ್ಟನೆ ಕೊಟ್ಟಿತು. ಮನೆಗೆ ಬೆಂಕಿ ಬಿದ್ದಿದೆ ಎಂದು ಮಗು ಕೂಗಿ ಬರೆದು ಕೊನೆಗೆ ಆಶ್ಚರ್ಯಸೂಚಕ ಹಾಕಿದರೂ ಅದು ಪರೀಕ್ಷೆಯ ಮಟ್ಟಿಗೆ ಉದ್ಗಾರ ವಾಕ್ಯವಲ್ಲ.

ಎರಡು ಕಾಲ, ಹನ್ನೆರಡು ಕಾಲ

ಆದರೆ ಇದೇ ಇಂಗ್ಲೆಂಡಿನ ಪಠ್ಯಕ್ರಮ ಒಂದು ವಿಷಯದಲ್ಲಿ ನಮಗಿಂತ ಮುಂದಿದೆ. ಅಲ್ಲಿ ಮಗು ಕಲಿಯುವ ಟೆನ್ಸುಗಳು ಎರಡೇ: ಪಾಸ್ಟ್ ಮತ್ತು ಪ್ರೆಸೆಂಟ್. ಇಂಗ್ಲಿಷಿನಲ್ಲಿ ಭವಿಷ್ಯತ್ಕಾಲಕ್ಕೆ ಪ್ರತ್ಯೇಕ ಕ್ರಿಯಾರೂಪ ಇಲ್ಲ ಎಂದು ಪಠ್ಯಕ್ರಮದ ಪದಕೋಶವೇ ಹೇಳುತ್ತದೆ. ನಮ್ಮ ಹೈಸ್ಕೂಲಿನಲ್ಲಿ ಪ್ರೆಸೆಂಟ್, ಪಾಸ್ಟ್, ಫ್ಯೂಚರ್ ಎಂಬ ಮೂರು ಸಾಲು. ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್ ಎಂಬ ನಾಲ್ಕು ಕಂಬ. ಒಟ್ಟು ಹನ್ನೆರಡು ಮನೆಯ ಕೋಷ್ಟಕ. ಗೋಡೆಗೆ ಅಂಟಿಸಿದ ಆ ಚಾರ್ಟನ್ನು ನೋಡದೆ ಹತ್ತನೇ ತರಗತಿ ದಾಟಿದವರು ಕಡಿಮೆ.

ಎರಡೇ ಎನ್ನಲು ಕಾರಣ ಸರಳ. 'ಗೋ' ಇದೆ, 'ವೆಂಟ್' ಇದೆ. ಪದವೇ ರೂಪ ಬದಲಿಸಿದೆ. ಮುಂದೆ ಆಗುವುದಕ್ಕೆ ಹಾಗೆ ಬದಲಾಗುವ ಮೂರನೇ ರೂಪ ಇಲ್ಲ. 'ವಿಲ್' ಎಂಬ ಸಹಾಯಕ ಪದವನ್ನು ಪಕ್ಕಕ್ಕೆ ಇಟ್ಟುಕೊಳ್ಳಬೇಕು. ಅದೂ 'ಕ್ಯಾನ್', 'ಮೇ', 'ಮಸ್ಟ್' ಇವುಗಳ ಬಳಗದ್ದು. 'ಐ ಆ್ಯಮ್ ಗೋಯಿಂಗ್ ಟುಮಾರೊ' ಎಂದರೂ ನಾಳೆಯದೇ ಮಾತು, 'ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್ ಟುಮಾರೊ' ಎಂದರೂ ನಾಳೆಯದೇ. ಲ್ಯಾಟಿನ್ನಿನಲ್ಲಿ ಹಾಗಲ್ಲ, ಅಲ್ಲಿ ಕ್ರಿಯಾಪದದ ಪ್ರತ್ಯಯವೇ ಭವಿಷ್ಯವನ್ನು ಹೇಳುತ್ತದೆ. ಲ್ಯಾಟಿನ್ನಿನ ಕೋಷ್ಟಕ ಕಣ್ಣಮುಂದೆ ಇಟ್ಟುಕೊಂಡವರು ಇಂಗ್ಲಿಷಿಗೂ ಆ ಸಾಲು ಇರಬೇಕೆಂದು ತುಂಬಿಸಿದರು. ನಮ್ಮ ಆಡುಮಾತನ್ನು ಗಮನಿಸಿ. 'ದಿನಾ ಹೋಗ್ತೀನಿ' ಅನ್ನುತ್ತೇವೆ, 'ನಾಳೆ ಹೋಗ್ತೀನಿ' ಅಂತಲೂ ಅನ್ನುತ್ತೇವೆ, ಕ್ರಿಯಾಪದ ಒಂದೇ. 'ಹೋಗುವೆನು' ಎಂಬುದು ಪುಸ್ತಕದಲ್ಲಿ, ಪರೀಕ್ಷೆಯಲ್ಲಿ ಮತ್ತು ಭಾವಗೀತೆಯಲ್ಲಿ ಮಾತ್ರ ಉಳಿದಿದೆ.

ಹನ್ನೆರಡರ ಕೋಷ್ಟಕವನ್ನು ಭಾರತದ ಮನೆಮನೆಗೆ ಮುಟ್ಟಿಸಿದ ಪುಸ್ತಕ ರೆನ್ ಮತ್ತು ಮಾರ್ಟಿನ್ ಅವರ ಹೈಸ್ಕೂಲ್ ಗ್ರಾಮರ್. 1930ರ ದಶಕದ್ದು. ಇಬ್ಬರಲ್ಲಿ ಒಬ್ಬನಾದ ಪಿ. ಸಿ. ರೆನ್ ಮುಂಬೈ ಪ್ರಾಂತ್ಯದಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದವನು; 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿ ಬರೆದು ಹೆಸರು ಮಾಡಿದವನೂ ಹೌದು. ಆ ಕಾದಂಬರಿಯನ್ನು ಇಲ್ಲಿ ಈಗ ಓದುವವರಿಲ್ಲ, ವ್ಯಾಕರಣ ಮಾತ್ರ ಇನ್ನೂ ಮಾರಾಟವಾಗುತ್ತಿದೆ. ಅಭ್ಯಾಸಕ್ಕೆ ಅದರಷ್ಟು ವಾಕ್ಯ ಕೊಡುವ ಪುಸ್ತಕ ಇನ್ನೊಂದಿಲ್ಲ ಎಂಬುದು ನಿಜ. ಆದರೆ ಅದರ ಚೌಕಟ್ಟು ಹಳೆಯ ಲ್ಯಾಟಿನ್ ಚೌಕಟ್ಟೇ.

ಎಂಟರ ಹಟ

'ಪಾರ್ಟ್ಸ್ ಆಫ್ ಸ್ಪೀಚ್ ಎಷ್ಟು?' 'ಎಂಟು ಸಾರ್!' ಎಂದು ಇಡೀ ತರಗತಿ ಕೂಗುತ್ತದೆ. ಈ ಎಂಟಕ್ಕೆ ಎರಡು ಸಾವಿರ ವರ್ಷದ ಇತಿಹಾಸ ಇದೆ. ಗ್ರೀಕ್ ವೈಯಾಕರಣರು ತಮ್ಮ ಭಾಷೆಯ ಪದಗಳನ್ನು ಎಂಟು ಬಗೆ ಮಾಡಿದರು. ಅದರಲ್ಲಿ ಆರ್ಟಿಕಲ್ ಒಂದು. ಅದನ್ನು ಲ್ಯಾಟಿನ್ನಿಗೆ ತಂದವರಿಗೆ ತೊಡಕಾಯಿತು, ಯಾಕೆಂದರೆ ಲ್ಯಾಟಿನ್ನಿನಲ್ಲಿ ಆರ್ಟಿಕಲ್ಲೇ ಇಲ್ಲ. ಏಳು ಎಂದು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಉದ್ಗಾರ ಪದವನ್ನು ಪ್ರತ್ಯೇಕ ಬಗೆಯೆಂದು ಎಣಿಸಿ ಎಂಟನ್ನು ಉಳಿಸಿಕೊಂಡರು. ಮುಂದೆ ಇಂಗ್ಲಿಷಿನವರು ಲ್ಯಾಟಿನ್ನಿನ ಎಂಟನ್ನು ತಂದುಕೊಂಡಾಗ ತೊಡಕು ತಿರುಗುಮುರುಗಾಯಿತು. ಇಂಗ್ಲಿಷಿನಲ್ಲಿ ಆರ್ಟಿಕಲ್ ಇದೆ, ಪಟ್ಟಿಯಲ್ಲಿ ಇಲ್ಲ! ನಾಟಕಕಾರ ಬೆನ್ ಜಾನ್ಸನ್ ತನ್ನ ವ್ಯಾಕರಣದಲ್ಲಿ ಅದನ್ನು ಒಂಬತ್ತನೆಯದಾಗಿ ಸೇರಿಸಿದ. 1762ರಲ್ಲಿ ಪಾದ್ರಿ ರಾಬರ್ಟ್ ಲೌತ್ ಒಂಬತ್ತು ಎಂದ. 1795ರಲ್ಲಿ ಲಿಂಡ್ಲಿ ಮರೆ ಒಂಬತ್ತು ಎಂದ. ಆದರೂ ಎಂಟರ ಮೋಹ ಬಿಡಲಿಲ್ಲ. ಕೊನೆಗೆ ನಮ್ಮ ಪುಸ್ತಕಗಳಲ್ಲಿ 'ಎ', 'ಆ್ಯನ್', 'ದ' ಅಡ್ಜೆಕ್ಟಿವ್‌ಗಳ ಮನೆಯಲ್ಲಿ ಬಿಡಾರ ಹೂಡಿದವು.

ಇದರಿಂದ ಆದ ನಷ್ಟ ಕನ್ನಡದ ವಿದ್ಯಾರ್ಥಿಗೆ. ಕನ್ನಡದಲ್ಲಿ ಆರ್ಟಿಕಲ್ ಇಲ್ಲವಾದ್ದರಿಂದ ನಾವು ಅತಿ ಹೆಚ್ಚು ತಪ್ಪುವ ಜಾಗ ಅದೇ. 'ಐ ಸಾ ಡಾಗ್' ಎಂದು ಬರೆದ ಹುಡುಗನಿಗೆ 'ಆರ್ಟಿಕಲ್ ಹಾಕೋ' ಎಂದು ಬೈದರೆ ಮುಂದಿನ ವಾಕ್ಯದಲ್ಲಿ 'ಐ ಸಾ ಎ ಮೈ ಡಾಗ್' ಎಂದು ಬರೆದು ತರುತ್ತಾನೆ. ಈಗಿನ ವ್ಯಾಕರಣದ 'ಡಿಟರ್ಮಿನರ್' ಎಂಬ ಹೆಸರು ಕೆಲಸಕ್ಕೆ ಬರುವುದು ಇಲ್ಲಿ. 'ಎ', 'ದ', 'ಮೈ', 'ದಿಸ್', 'ಎವ್ರಿ' ಎಲ್ಲ ಒಂದೇ ಬಳಗ. ಎಣಿಸಲು ಬರುವ ವಸ್ತುವಿನ ಏಕವಚನ ಸಾಮಾನ್ಯವಾಗಿ ಬರಿಮೈಯಲ್ಲಿ ನಿಲ್ಲುವುದಿಲ್ಲ, ಈ ಬಳಗದ ಒಬ್ಬರು ಮುಂದೆ ಇರಬೇಕು, ಒಬ್ಬರು ಬಂದರೆ ಇನ್ನೊಬ್ಬರು ಬೇಡ. ಇಷ್ಟು ಹೇಳಿದರೆ ಆರ್ಟಿಕಲ್ಲಿನ ಅರ್ಧ ತಪ್ಪು ನಿಲ್ಲುತ್ತದೆ. ಅಡ್ಜೆಕ್ಟಿವ್ ಎಂದು ಹೇಳಿಕೊಟ್ಟರೆ ಈ ನಿಯಮ ಕಾಣುವುದೇ ಇಲ್ಲ, ಯಾಕೆಂದರೆ ಅಡ್ಜೆಕ್ಟಿವ್‌ಗಳನ್ನು ಎಷ್ಟು ಬೇಕಾದರೂ ಸಾಲಾಗಿ ನಿಲ್ಲಿಸಬಹುದು.

ಸ್ವಂತ ಹೆಸರಿಡಲು ಹೊರಟವರು

ಇಂಗ್ಲಿಷರು ತಮ್ಮದೇ ಹೆಸರು ಇಟ್ಟುಕೊಳ್ಳಲು ಯತ್ನಿಸಲೇ ಇಲ್ಲವೇ? ಯತ್ನಿಸಿದರು, ಒಂದಲ್ಲ, ಹಲವು ಸಲ.

ಮೊದಲಿಗ ಎಲ್ಫ್ರಿಕ್. ಡಾರ್ಸೆಟ್ ಸೀಮೆಯ ಸರ್ನ್ ಆ್ಯಬಸ್ ಎಂಬ ಮಠದಲ್ಲಿದ್ದ ಸನ್ಯಾಸಿ. ಮಠದ ಹುಡುಗರಿಗೆ ಲ್ಯಾಟಿನ್ ಕಲಿಸಲೆಂದು ಸುಮಾರು 995ರ ಹೊತ್ತಿಗೆ ಹಳೆಯ ಇಂಗ್ಲಿಷಿನಲ್ಲಿ ಒಂದು ವ್ಯಾಕರಣ ಬರೆದ. ಯುರೋಪಿನ ಆಡುಭಾಷೆಯೊಂದರಲ್ಲಿ ಬಂದ ಮೊದಲ ಲ್ಯಾಟಿನ್ ವ್ಯಾಕರಣ ಅದು. ಪ್ರತಿಯೊಂದು ಲ್ಯಾಟಿನ್ ಹೆಸರಿಗೂ ಹುಡುಗರಿಗೆ ತಿಳಿಯುವ ಹೆಸರು ಕೊಟ್ಟ. ವ್ಯಾಕರಣ ಎಂದರೆ ಅಕ್ಷರದ ಕಸುಬು. ಪ್ರೊನೌನ್ ಎಂದರೆ ಹೆಸರಿನ ಬದಲಿಗ. ಅಡ್ವರ್ಬ್ ಎಂದರೆ ಕ್ರಿಯಾಪದದ ಸಂಗಾತಿ. ನೌನಿಗೆ ಅವನು ಬಳಸಿದ ಪದ 'ನಾಮ'. ನಮ್ಮ ನಾಮಪದದ ನಾಮಕ್ಕೂ ಅದಕ್ಕೂ ದೂರದ ದಾಯಾದಿ ಸಂಬಂಧ ಇರುವುದು ನಿಜವೇ. ಈ ಪರಿಭಾಷೆ ಬೇರು ಬಿಡುವಷ್ಟರಲ್ಲಿ 1066ರಲ್ಲಿ ನಾರ್ಮನ್ನರು ಬಂದರು. ಇಂಗ್ಲಿಷ್ ಪಾಠದ ಭಾಷೆಯಾಗಿ ಉಳಿಯಲಿಲ್ಲ. ಎಲ್ಫ್ರಿಕ್‌ನ ಹೆಸರುಗಳೂ ಅದರೊಂದಿಗೆ ಹೋದವು.

ಆಮೇಲೆ ಹದಿನಾರನೇ ಶತಮಾನದಲ್ಲಿ ಮತ್ತೆ ಇಂಗ್ಲಿಷಿನ ಅಭಿಮಾನ ಎದ್ದಿತು. ರಾಲ್ಫ್ ಲಿವರ್ 1573ರಲ್ಲಿ ತರ್ಕಶಾಸ್ತ್ರದ ಪುಸ್ತಕ ಬರೆದು ಅದಕ್ಕೆ 'ವಿಟ್‌ಕ್ರಾಫ್ಟ್' ಎಂದು ಹೆಸರಿಟ್ಟ. ಸಬ್ಜೆಕ್ಟಿಗೆ 'ಫೋರ್‌ಸೆಟ್', ಪ್ರೆಡಿಕೇಟಿಗೆ 'ಬ್ಯಾಕ್‌ಸೆಟ್' ಎಂದ. 1589ರಲ್ಲಿ ಹೊರಬಂದ, ಜಾರ್ಜ್ ಪಟನ್‌ಹ್ಯಾಮ್ ಬರೆದದ್ದೆಂದು ನಂಬಲಾದ 'ದ ಆರ್ಟ್ ಆಫ್ ಇಂಗ್ಲಿಷ್ ಪೊಯೆಸಿ' ಇನ್ನೂ ಸ್ವಾರಸ್ಯದ್ದು. ಆಸ್ಥಾನದ ಹೆಂಗಸರು, ಗಂಡಸರು ಗ್ರೀಕ್ ಹೆಸರು ಕೇಳಿ ಓಡಿಹೋಗಬಾರದೆಂದು ಅಲಂಕಾರಗಳಿಗೆಲ್ಲ ಮನೆಮಾತಿನ ಹೆಸರು ಕೊಟ್ಟ. ಐರನಿಗೆ 'ಒಣ ಅಣಕ'. ಸಾರ್ಕ್ಯಾಸಂಗೆ 'ಕಹಿ ಮೂದಲಿಕೆ'. ಹೈಪರ್ಬೊಲೆ, ಅಂದರೆ ಅತಿಶಯೋಕ್ತಿಗೆ, 'ಜೋರು ಬಾಯಿಯ ಸುಳ್ಳುಗಾರ'! ಇವುಗಳಲ್ಲಿ ಒಂದೂ ಉಳಿಯಲಿಲ್ಲವಲ್ಲ ಎಂದು ನನಗೆ ಈಗಲೂ ಬೇಸರ.

ಎಲ್ಫ್ರಿಕ್ ಬದುಕಿದ್ದ ಅದೇ ಡಾರ್ಸೆಟ್‌ನಲ್ಲಿ, ಹೆಚ್ಚುಕಡಿಮೆ 900 ವರ್ಷ ಕಳೆದ ಮೇಲೆ, ವಿಲಿಯಂ ಬಾರ್ನ್ಸ್ ಎಂಬ ಪಾದ್ರಿ-ಕವಿ ಮತ್ತೆ ಅದೇ ಕೆಲಸಕ್ಕೆ ಇಳಿದ. ಕಾದಂಬರಿಕಾರ ಥಾಮಸ್ ಹಾರ್ಡಿಯ ಸ್ನೇಹಿತ. 1878ರ ಅವನ ಪುಸ್ತಕದಲ್ಲಿ ಗ್ರಾಮರ್ ಎಂಬ ಪದವೇ ಇಲ್ಲವಾಗಿ 'ಸ್ಪೀಚ್‌ಕ್ರಾಫ್ಟ್' ಬಂತು. ನೌನ್ 'ಥಿಂಗ್-ನೇಮ್' ಆಯಿತು, ವರ್ಬ್ 'ಟೈಮ್-ವರ್ಡ್' ಆಯಿತು. ಓದಿದವರು ನಕ್ಕರು, ಶಾಲೆಗಳು ಮುಟ್ಟಲಿಲ್ಲ.

ಕನ್ನಡದ ಓದುಗರಿಗೆ ಈ ಕಥೆ ಎಲ್ಲೋ ಕೇಳಿದ ಹಾಗಿದೆ ಅನ್ನಿಸಬೇಕು. ಇಂಗ್ಲಿಷಿಗೆ ಲ್ಯಾಟಿನ್ ಹೇಗೋ ಕನ್ನಡ ವ್ಯಾಕರಣಕ್ಕೆ ಸಂಸ್ಕೃತ ಹಾಗೆ. ಹದಿಮೂರನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕನ್ನಡದ್ದೇ ಆದ ಗುಣಗಳನ್ನು ಬಹಳ ಸೂಕ್ಷ್ಮವಾಗಿ ಗುರುತಿಸಿದ, ಆದರೆ ಹೆಸರುಗಳು ಸಂಸ್ಕೃತದವು. ಇವತ್ತಿಗೂ ಮಕ್ಕಳು ಪಂಚಮೀ ವಿಭಕ್ತಿಗೆ 'ದೆಸೆಯಿಂದ' ಎಂದು ಬಾಯಿಪಾಠ ಮಾಡುತ್ತಾರೆ, ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ಯಾರೂ ಮಾತಾಡದಿದ್ದರೂ. ಡಿ. ಎನ್. ಶಂಕರ ಬಟ್ ಅವರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ವಾದಿಸಿ, ವ್ಯಾಕರಣಕ್ಕೆ 'ಸೊಲ್ಲರಿಮೆ', ಕ್ರಿಯಾಪದಕ್ಕೆ 'ಎಸಕಪದ', ನಾಮಪದಕ್ಕೆ 'ಹೆಸರುಪದ' ಎಂದು ಹೊಸ ಪರಿಭಾಷೆಯನ್ನೇ ಕಟ್ಟಿದರು. ಪಠ್ಯಪುಸ್ತಕ ಅದನ್ನು ಒಪ್ಪಿಕೊಂಡಿಲ್ಲ. ಹೆಸರು ಬದಲಿಸುವುದು ಕಷ್ಟ. ಆದರೆ ಬಟ್ಟರ ನಿಜವಾದ ಜಗಳ ಹೆಸರಿನದಲ್ಲ, ಇಲ್ಲದ ಸಾಲುಗಳನ್ನು ತುಂಬಿಸುವ ಚಟದ್ದು. ಆ ಜಗಳವನ್ನು ಇಂಗ್ಲಿಷಿನ ಪರವಾಗಿ 1653ರಲ್ಲೇ ಒಬ್ಬ ಆಡಿದ್ದ. ಗಣಿತದಲ್ಲಿ ಅನಂತಕ್ಕೆ ಈಗಿರುವ ಚಿಹ್ನೆಯನ್ನು ಬಳಕೆಗೆ ತಂದ ಜಾನ್ ವಾಲಿಸ್ ಅವನು. ಇಂಗ್ಲಿಷನ್ನು ಲ್ಯಾಟಿನ್ನಿನ ಅಚ್ಚಿಗೆ ಒತ್ತಬೇಡಿ ಎಂದು ಹೇಳಿದ. ಹೇಳಿದ್ದು ಮಾತ್ರ ಲ್ಯಾಟಿನ್ನಿನಲ್ಲಿ ಬರೆದ ಪುಸ್ತಕದಲ್ಲಿ.

ಪ್ರಸ್ತಾರ ಹಾಕಿ ನೋಡಿ

ಸಾಹಿತ್ಯದ ಪರಿಭಾಷೆಗೆ ಬಂದರೆ ಕನ್ನಡದ ವಿದ್ಯಾರ್ಥಿ ನಿಜಕ್ಕೂ ಅನುಕೂಲಸ್ಥ. ಆ ಅನುಕೂಲವನ್ನು ಯಾರೂ ಅವನಿಗೆ ತೋರಿಸಿಕೊಡುವುದಿಲ್ಲ.

ಎಸ್ಸೆಸ್ಸೆಲ್ಸಿಯ ಕನ್ನಡ ಪತ್ರಿಕೆಯಲ್ಲಿ ಉಪಮಾಲಂಕಾರ ಬರೆಯುವಾಗ ಮಕ್ಕಳು ನಾಲ್ಕು ಅಂಗಗಳನ್ನು ಬಿಡಿಸುತ್ತಾರೆ. ಮದಗಜಗಳಂತೆ ಕಾದಾಡಿದ ಭೀಮ ದುರ್ಯೋಧನರು ಎಂದರೆ ಭೀಮ ದುರ್ಯೋಧನರು ಉಪಮೇಯ, ಮದಗಜ ಉಪಮಾನ, 'ಅಂತೆ' ಉಪಮಾವಾಚಕ, ಕಾದಾಟ ಸಮಾನಧರ್ಮ. ಇಂಗ್ಲಿಷ್ ಪತ್ರಿಕೆಯಲ್ಲಿ ಅದೇ ಮಕ್ಕಳು 'ಲೈಕ್' ಅಥವಾ 'ಆ್ಯಸ್' ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಫರ್ ಎಂದು ಒಂದು ಪದ ಬರೆದು ಮುಂದೆ ಹೋಗುತ್ತಾರೆ. ಹೋಲಿಕೆಯ ಎರಡು ಭಾಗಗಳಿಗೆ ಇಂಗ್ಲಿಷ್ ವಿಮರ್ಶೆಯಲ್ಲಿ ಒಪ್ಪಿತವಾದ ಹೆಸರೇ ಇಲ್ಲ ಎಂದು ಐ. ಎ. ರಿಚರ್ಡ್ಸ್ ಗೊಣಗಿದ್ದು 1936ರಲ್ಲಿ. ಆಗ ಅವನು 'ಟೆನರ್', 'ವೆಹಿಕಲ್' ಎಂಬ ಜೋಡಿಯನ್ನು ಚಾಲ್ತಿಗೆ ತಂದ. ಒಂದು ಉಪಮೇಯ, ಇನ್ನೊಂದು ಉಪಮಾನ. ಎರಡರ ನಡುವಿನ ಸಾಮ್ಯಕ್ಕೆ 'ಗ್ರೌಂಡ್' ಎಂದ. 'ಕವಿರಾಜಮಾರ್ಗ'ದ ಕಾಲದಿಂದ, ಅಂದರೆ ಒಂಬತ್ತನೇ ಶತಮಾನದಿಂದ, ಕನ್ನಡದಲ್ಲಿ ಉಪಮೆಯ ಬಗೆಗಳನ್ನು ಚರ್ಚಿಸಿಕೊಂಡು ಬಂದವರಿಗೆ ಇದು ಹೊಸದಲ್ಲ. ಇಂಗ್ಲಿಷ್ ಎಂ.ಎ.ಗೆ ಹೋದ ಕನ್ನಡದ ಹುಡುಗಿ ರಿಚರ್ಡ್ಸ್‌ನನ್ನು ಕಂಡು ಹೆದರುವ ಅಗತ್ಯವೇ ಇಲ್ಲ. ಹತ್ತನೇ ತರಗತಿಯಲ್ಲಿ ಅವಳು ಅದನ್ನು ಬರೆದು ಅಂಕ ತೆಗೆದುಕೊಂಡಿದ್ದಾಳೆ. ಮೆಟಾನಮಿಯೂ ಅಷ್ಟೇ. ಕಟ್ಟಡ ಬಾಯಿ ತೆರೆಯುವುದಿಲ್ಲ ಎಂದು ಗೊತ್ತಿದ್ದೂ 'ವಿಧಾನಸೌಧ ಏನು ಹೇಳುತ್ತೋ ನೋಡೋಣ' ಅನ್ನುತ್ತೇವಲ್ಲ, ಅದು.

ಛಂದಸ್ಸಿನ ವಿಷಯ ಇನ್ನೂ ವಿಚಿತ್ರ. ಐಯಾಂಬ್, ಟ್ರೋಕಿ, ಡ್ಯಾಕ್ಟಿಲ್, ಅನಪೆಸ್ಟ್ ಎಂಬ ಹೆಸರುಗಳು ಗ್ರೀಕ್. ಗ್ರೀಕಿನಲ್ಲಿ ಅವು ಅಳೆಯುತ್ತಿದ್ದದ್ದು ಉಚ್ಚಾರಣೆಯ ಕಾಲವನ್ನು, ಹ್ರಸ್ವ-ದೀರ್ಘವನ್ನು. ಅಂದರೆ ನಮ್ಮ ಲಘು-ಗುರುವನ್ನೇ. 'ಯಮಾತಾರಾಜಭಾನಸಲಗಂ' ಗೊತ್ತಿರುವವರಿಗೆ ಹೇಳುವುದಾದರೆ ಗ್ರೀಕರ ಡ್ಯಾಕ್ಟಿಲ್ ನಮ್ಮ ಭಗಣ, ಅನಪೆಸ್ಟ್ ನಮ್ಮ ಸಗಣ. ಇಂಗ್ಲಿಷಿನ ಪದ್ಯ ನಡೆಯುವುದು ಕಾಲದ ಅಳತೆಯಲ್ಲಲ್ಲ, ಒತ್ತಿನಲ್ಲಿ. ಯಾವ ಉಚ್ಚಾರಾಂಶವನ್ನು ಒತ್ತಿ ಹೇಳುತ್ತೇವೆ ಎಂಬುದೇ ಅಲ್ಲಿ ಲೆಕ್ಕ. ಹೆಸರು ಗ್ರೀಕಿನದು, ಕೆಲಸ ಬೇರೆ.

ಒಂದು ಸಾಲು ಕಟ್ಟಿ ನೋಡೋಣ: 'ದ ಬಸ್ ಟು ಹಾಸನ್ ಲೆಫ್ಟ್ ಬಿಫೋರ್ ದ ರೇನ್.' ಹತ್ತು ಉಚ್ಚಾರಾಂಶ. ಇಂಗ್ಲಿಷಿನವರು ಓದಿದರೆ ಬಸ್, ಹಾ, ಲೆಫ್ಟ್, ಫೋರ್, ರೇನ್ ಎಂಬ ಐದು ಕಡೆ ಒತ್ತು ಬೀಳುತ್ತದೆ. ಒತ್ತಿಲ್ಲದ್ದು ಒಂದು, ಒತ್ತಿರುವುದು ಒಂದು, ಹೀಗೆ ಐದು ಜೋಡಿ. ಶೇಕ್ಸ್‌ಪಿಯರ್ ನಾಟಕಗಳ ಬೆನ್ನೆಲುಬಾದ ಐಯಾಂಬಿಕ್ ಪೆಂಟಾಮೀಟರ್ ಇದೇ. ಈಗ ಇದೇ ಸಾಲಿಗೆ ಕನ್ನಡದ ಪದ್ಧತಿಯಲ್ಲಿ ಪ್ರಸ್ತಾರ ಹಾಕಿ. ದ ಲಘು, ಬಸ್ ಗುರು, ಟು ಲಘು, ಹಾ ಗುರು. ಅಲ್ಲಿಯವರೆಗೆ ಎರಡೂ ಲೆಕ್ಕ ಒಂದೇ. ಮುಂದಿನ 'ಸನ್' ವ್ಯಂಜನದಲ್ಲಿ ಮುಗಿಯುವುದರಿಂದ ನಮಗೆ ಗುರು. ಆದರೆ ಇಂಗ್ಲಿಷಿನಲ್ಲಿ ಅದಕ್ಕೆ ಒತ್ತಿಲ್ಲ, ಹಾಗಾಗಿ ಅವರಿಗೆ ಅದು ಹಗುರ. ಎರಡು ಪದ್ಧತಿ ಬೇರೆಯಾಗುವುದು ಆ ಒಂದು ಅಕ್ಷರದಲ್ಲಿ ಕಣ್ಣಿಗೆ ಕಾಣುತ್ತದೆ.

ಈ ವ್ಯತ್ಯಾಸ ಹದಿನಾರನೇ ಶತಮಾನದ ಇಂಗ್ಲಿಷ್ ಕವಿಗಳನ್ನು ಬಹಳ ಕಾಡಿತು. ಫಿಲಿಪ್ ಸಿಡ್ನಿ, ಸ್ಪೆನ್ಸರ್ ಮೊದಲಾದವರು ಇಂಗ್ಲಿಷಿನಲ್ಲೂ ಹ್ರಸ್ವ-ದೀರ್ಘದ ಲೆಕ್ಕದಲ್ಲಿ ಬರೆಯಲು ಪ್ರಯತ್ನಪಟ್ಟರು. 1602ರಲ್ಲಿ ಥಾಮಸ್ ಕ್ಯಾಂಪಿಯನ್ ಪ್ರಾಸವನ್ನು ಬಿಟ್ಟು ಆ ದಾರಿ ಹಿಡಿಯಿರಿ ಎಂದು ಪುಸ್ತಕವನ್ನೇ ಬರೆದ. ಮರುವರ್ಷವೇ ಸ್ಯಾಮ್ಯುಯೆಲ್ ಡೇನಿಯಲ್ ಅದಕ್ಕೆ ಉತ್ತರ ಕೊಟ್ಟ. ಕ್ಯಾಂಪಿಯನ್ ಸೋತ, ಅವನ ಹೆಸರು ಉಳಿದದ್ದು ಪ್ರಾಸವಿಟ್ಟು ಬರೆದ ಹಾಡುಗಳಿಂದಲೇ. ಕನ್ನಡದಲ್ಲಿ ಬಿ. ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಬರೆಯುವಾಗ ಎದುರಿಸಿದ್ದು ಇದೇ ಸಮಸ್ಯೆಯ ಇನ್ನೊಂದು ತುದಿಯನ್ನು: ಒತ್ತಿನಲ್ಲಿ ನಡೆಯುವ ಪದ್ಯವನ್ನು ಮಾತ್ರೆಯಲ್ಲಿ ನಡೆಯುವ ಭಾಷೆಗೆ ತರುವುದು ಹೇಗೆ? ಮಾತ್ರಾಗಣಗಳನ್ನು ಹೊಸ ರೀತಿಯಲ್ಲಿ ಜೋಡಿಸಿ ಅವರು ದಾರಿ ಮಾಡಿದರು. ನವೋದಯದ ಭಾವಗೀತೆ ಆ ದಾರಿಯಲ್ಲಿ ನಡೆಯಿತು.

ನಮ್ಮ ಅಲಂಕಾರಶಾಸ್ತ್ರದಲ್ಲಿ ಸಲೀಸಾಗಿ ಸಿಗದ ಹೆಸರುಗಳೂ ಇವೆ, ಅವನ್ನು ಹೊಸದಾಗಿಯೇ ಕಲಿಯಬೇಕು. ಐರನಿ ಒಂದು. ವ್ಯಾಜಸ್ತುತಿ ಅದರ ಒಂದು ಮೂಲೆಯನ್ನು ಮಾತ್ರ ಮುಟ್ಟುತ್ತದೆ. ಪಾತ್ರಕ್ಕೆ ಗೊತ್ತಿಲ್ಲದ್ದು ಪ್ರೇಕ್ಷಕರಿಗೆ ಗೊತ್ತಿರುವ ನಾಟಕದ ಐರನಿ ಬೇರೆಯೇ ಸಂಗತಿ. ಇನ್ನೊಂದು, ಕಾದಂಬರಿ ಓದುವವರಿಗೆ ತೀರಾ ಬೇಕಾದ 'ಫ್ರೀ ಇನ್‌ಡೈರೆಕ್ಟ್ ಸ್ಪೀಚ್'. ಡೈರೆಕ್ಟನ್ನು ಇನ್‌ಡೈರೆಕ್ಟಿಗೆ ಬದಲಿಸುವ ಅಭ್ಯಾಸವನ್ನು ನಮ್ಮ ಮಕ್ಕಳು ವರ್ಷಗಟ್ಟಲೆ ಮಾಡುತ್ತಾರೆ. ಇದು ಮೂರನೆಯದು. 'ಸುಬ್ಬಮ್ಮ ಕಿಟಕಿಯಿಂದ ಹೊರಗೆ ನೋಡಿದಳು. ಈ ಹಾಳು ಮಳೆ ಇವತ್ತೂ ನಿಲ್ಲುವ ಹಾಗಿಲ್ಲ.' ಎರಡನೇ ವಾಕ್ಯ ಯಾರದು? ಉದ್ಧರಣ ಚಿಹ್ನೆ ಇಲ್ಲ, 'ಎಂದುಕೊಂಡಳು' ಇಲ್ಲ. ಹೇಳುತ್ತಿರುವುದು ನಿರೂಪಕ, ಮಾತು ಮಾತ್ರ ಸುಬ್ಬಮ್ಮನದು. ಜೇನ್ ಆಸ್ಟಿನ್ 'ಎಮ್ಮಾ' ಕಾದಂಬರಿಯಲ್ಲಿ ಪುಟಗಟ್ಟಲೆ ಹೀಗೆ ಬರೆಯುತ್ತಾಳೆ, ಎಮ್ಮಾಳ ತಪ್ಪು ಕಲ್ಪನೆಗಳನ್ನು ನಾವೂ ನಿಜವೆಂದು ನಂಬುವುದು ಅದರಿಂದಲೇ. ಈ ಹೆಸರು ಗೊತ್ತಿದ್ದರೆ ಆಟ ಎಲ್ಲಿ ನಡೆಯುತ್ತಿದೆ ಎಂದು ಬೆರಳಿಟ್ಟು ತೋರಿಸಬಹುದು. ಪಾರಿಭಾಷಿಕ ಪದ ಸಾರ್ಥಕವಾಗುವುದು ಇಂಥ ಕಡೆ.

ಬರವಣಿಗೆಗೆ ಉಪಯೋಗವೇ?

ವ್ಯಾಕರಣದ ಹೆಸರು ಕಲಿತರೆ ಬರವಣಿಗೆ ಸುಧಾರಿಸುತ್ತದೆಯೇ ಎಂಬ ಪ್ರಶ್ನೆಗೆ ಇಂಗ್ಲೆಂಡಿನಲ್ಲಿ ನಡೆದ ಸಂಶೋಧನೆಯ ಉತ್ತರ ಸರ್ಕಾರಕ್ಕೆ ಹಿತವಾದದ್ದಲ್ಲ. ಯಾರ್ಕ್ ವಿಶ್ವವಿದ್ಯಾಲಯದ ತಂಡವೊಂದು 2000ರ ದಶಕದ ಮಧ್ಯದಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ವಾಕ್ಯರಚನೆಯ ನಿಯಮ ಬೋಧಿಸುವುದರಿಂದ ಮಕ್ಕಳ ಬರವಣಿಗೆ ಸುಧಾರಿಸುತ್ತದೆ ಎನ್ನಲು ಪುರಾವೆ ಸಾಲದು ಎಂದಿತು. ಚಿಕ್ಕ ವಾಕ್ಯಗಳನ್ನು ಕೂಡಿಸಿ ದೊಡ್ಡದು ಮಾಡಿಸುವ ಅಭ್ಯಾಸದ ಫಲ ಅದಕ್ಕಿಂತ ಚೆನ್ನಾಗಿತ್ತು. 2022ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಎರಡನೇ ವರ್ಷದ ಮಕ್ಕಳಿಗೆ ವಿಶೇಷ ವ್ಯಾಕರಣ ಪಾಠ ಕೊಟ್ಟು ನೋಡಿದರೂ ಅವರ ಕಥೆ ಬರೆಯುವ ಶಕ್ತಿ ಗಮನಾರ್ಹವಾಗಿ ಹೆಚ್ಚಲಿಲ್ಲ. ಎಕ್ಸಿಟರ್‌ನ ಡೆಬ್ರಾ ಮೈಹಿಲ್ ಅವರ ತಂಡ ಮಾತ್ರ ಸ್ವಲ್ಪ ಬೇರೆ ಫಲಿತಾಂಶ ಕಂಡಿತು. ಅವರು ವ್ಯಾಕರಣವನ್ನು ಪ್ರತ್ಯೇಕ ಪಿರಿಯಡ್ಡಿನಲ್ಲಿ ಕಲಿಸದೆ, ಓದುತ್ತಿರುವ ಪಾಠದೊಳಗೇ, ಲೇಖಕ ಈ ವಾಕ್ಯವನ್ನು ಯಾಕೆ ಹೀಗೆ ತಿರುಗಿಸಿದ ಎಂದು ಕೇಳುತ್ತ ಕಲಿಸಿದರು. ಆಗ ಬರವಣಿಗೆ ಸುಧಾರಿಸಿತು, ಅದರಲ್ಲೂ ಮೊದಲೇ ಚುರುಕಾಗಿದ್ದ ಮಕ್ಕಳದು.

ಮಾತೃಭಾಷೆಯವರ ಈ ಲೆಕ್ಕ ಎರಡನೇ ಭಾಷೆಯಾಗಿ ಕಲಿಯುವ ನಮಗೆ ಪೂರ್ತಿ ಹೊಂದುವುದಿಲ್ಲ. ನಮಗೆ ಒಂದಿಷ್ಟು ಹೆಸರು ಬೇಕು. ಯಾವುದು ಬೇಕು ಎಂದು ತೀರ್ಮಾನಿಸಲು ನಾನು ಹಿಡಿಯುವ ಒರೆಗಲ್ಲು ಒಂದೇ: ಈ ಹೆಸರು ಗೊತ್ತಿದ್ದರೆ ನಾನು ಮಾಡುವ ಯಾವ ತಪ್ಪು ನಿಲ್ಲುತ್ತದೆ, ಅಥವಾ ಓದುವಾಗ ಕಾಣದ ಯಾವುದು ಕಾಣುತ್ತದೆ? ಡಿಟರ್ಮಿನರ್ ಈ ಪರೀಕ್ಷೆಯಲ್ಲಿ ಪಾಸು. ಎಣಿಸುವ, ಎಣಿಸದ ನೌನುಗಳ ಭೇದವೂ ಪಾಸು. 'ಫರ್ನಿಚರ್ಸ್', 'ಇನ್‌ಫರ್ಮೇಷನ್ಸ್' ಎಂದು ಅಚ್ಚಾಗುವುದು ಅದು ತಿಳಿಯದ್ದರಿಂದ. ಪ್ಯಾಸಿವ್ ವಾಯ್ಸೂ ಪಾಸು, ಆದರೆ ಪರೀಕ್ಷೆಯಲ್ಲಿ ಕೇಳುವ ಕಾರಣಕ್ಕಲ್ಲ. 'ಕ್ರಮ ಕೈಗೊಳ್ಳಲಾಗುವುದು' ಎಂಬ ಸರ್ಕಾರಿ ಪ್ರಕಟಣೆಯಲ್ಲಿ ಕೈಗೊಳ್ಳುವವರು ಯಾರು ಎಂಬುದು ಎಲ್ಲಿ ಮಾಯವಾಯಿತು ಎಂದು ಕೇಳಲು ಆ ಹೆಸರು ಬೇಕು. ಮೂರಕ್ಕೆ ನಾಲ್ಕರ ಟೆನ್ಸ್ ಚಾರ್ಟು, ಎಂಟರ ಜಪ, ನೌನನ್ನು ಆ್ಯಬ್‌ಸ್ಟ್ರಾಕ್ಟ್, ಮೆಟೀರಿಯಲ್, ಕಲೆಕ್ಟಿವ್ ಎಂದು ವಿಂಗಡಿಸುವ ಶಿಸ್ತು ಇವೆಲ್ಲ ಫೇಲು. ಇವುಗಳಿಂದ ಒಂದು ತಪ್ಪು ವಾಕ್ಯವೂ ಸರಿಯಾದದ್ದನ್ನು ನಾನು ಕಂಡಿಲ್ಲ.

ಹೈಸ್ಕೂಲಿನ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ಒಂದೇ ಸ್ಟಾಫ್ ರೂಮಿನಲ್ಲಿ ಕೂರುವ ಕನ್ನಡದವರೂ ಇಂಗ್ಲಿಷಿನವರೂ ತಿಂಗಳಿಗೊಂದು ಪಿರಿಯಡ್ ಕೂಡಿ ತೆಗೆದುಕೊಳ್ಳಿ. ಇಂಗ್ಲಿಷ್ ಪದ್ಯದ ಸಾಲಿಗೆ ಪ್ರಸ್ತಾರ ಹಾಕಿಸಿ, ಇಂಗ್ಲಿಷ್ ಪಾಠದ ಸಿಮಿಲಿಯಲ್ಲಿ ಉಪಮೇಯ-ಉಪಮಾನ ಹುಡುಕಿಸಿ, 'ಊಟ ಮಾಡಿದ ಮೇಲೆ' ಎಂಬುದನ್ನು ಎರಡು ಭಾಷೆಯಲ್ಲೂ ಬಿಡಿಸಿ ತೋರಿಸಿ. ಇದಕ್ಕೆ ಹೊಸ ಪುಸ್ತಕ ಬೇಡ, ಇಲಾಖೆಯ ಸುತ್ತೋಲೆಯೂ ಬೇಡ. ಎರಡು ಪಠ್ಯಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ತೆರೆದಿಟ್ಟರೆ ಸಾಕು.